ಹಳೆಯ ಕಾರಿಗೆ ಹೊಸ ಕಿಡಿ

ಮಳೆಗಾಲದ ಒಂದು ಸಂಜೆ ನಾವು ಮಿತ್ರರೊಬ್ಬರ ಹಳೆಯ ಕಾರಿನಲ್ಲಿ ಶಿರಾಡಿ ಘಟ್ಟವನ್ನು ಏರುತ್ತಿದ್ದೆವು. ಅರ್ಧ ದಾರಿಯಲ್ಲಿ ಎಂಜಿನ್ನು ಎರಡು ಬಾರಿ ಕೆಮ್ಮಿ ನಿಂತುಹೋಯಿತು. ಹಿಂದೆ ಲಾರಿಗಳ ಸಾಲು, ಪಕ್ಕದಲ್ಲಿ ಕಣಿವೆ, ಮೇಲೆ ಕತ್ತಲು. ಲಾರಿಯೊಂದರಿಂದ ಇಳಿದು ಬಂದ ಮೇಸ್ತ್ರಿಯೊಬ್ಬರು ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದು, ಒಳಗಿನ ಪಾಯಿಂಟನ್ನು ಮರಳುಕಾಗದದಿಂದ ಉಜ್ಜಿ, ಬೆಂಕಿಪೆಟ್ಟಿಗೆಯ ರಟ್ಟಿನಿಂದ ಅದರ ಸಂದನ್ನು ಅಳೆದು ತಿರುಪು ಬಿಗಿದರು. ಕಾರು ಹೊರಟಿತು. "ಸ್ವಾಮಿ, ಇದನ್ನು ಕಿತ್ತು ಎಲೆಕ್ಟ್ರಾನಿಕ್ ಹಾಕಿಸಿಬಿಡಿ" ಎಂದು ಅವರು ಹೇಳಿದ ಮಾತು ಮಾತ್ರ ನಮ್ಮ ತಲೆಯಲ್ಲಿ ಉಳಿಯಿತು. ಹಾಕಿಸಿದರೆ ನಿಜವಾಗಿ ಆಗುವುದೇನು? ಕಾಲೇಜಿನ ಭೌತಶಾಸ್ತ್ರವನ್ನೇ ಹಿಡಿದು ಇದನ್ನು ವಿಚಾರಿಸೋಣ.

ಪೆಟ್ರೋಲು ಎಂಜಿನ್ನಿನ ಸಿಲಿಂಡರಿನಲ್ಲಿ ಒತ್ತಲ್ಪಟ್ಟ ಅನಿಲಮಿಶ್ರಣಕ್ಕೆ ಬೆಂಕಿ ತಗಲಬೇಕಾದರೆ ಪ್ಲಗ್ಗಿನ ಕಿರಿದಾದ ಸಂದಿನಲ್ಲಿ ಕಿಡಿ ಹಾರಬೇಕು. ಅದಕ್ಕೆ ಹತ್ತು ಸಾವಿರ ವೋಲ್ಟಿಗೂ ಮಿಗಿಲಾದ ಒತ್ತಡ ಬೇಕಾಗುತ್ತದೆ. ಬ್ಯಾಟರಿಯಲ್ಲಿರುವುದಾದರೋ ಕೇವಲ 12 ವೋಲ್ಟ್. ಈ ಅಂತರವನ್ನು ದಾಟಿಸುವುದು 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ. ಇಗ್ನಿಷನ್ ಕಾಯಿಲ್ ಎಂಬ ಡಬ್ಬಿಯಲ್ಲಿ ಒಂದೇ ಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿಗಳಿವೆ. ಪ್ರಾಥಮಿಕ ಸುರುಳಿಗೆ ಕೆಲವು ನೂರು ಸುತ್ತು, ದ್ವಿತೀಯಕ ಸುರುಳಿಗೆ ಹಲವು ಸಾವಿರ ಸುತ್ತು. ಹರಿಯುವ ನಲ್ಲಿಯನ್ನು ಫಕ್ಕನೆ ಮುಚ್ಚಿದಾಗ ಕೊಳವೆ ಹೇಗೆ 'ಧಡ್' ಎನ್ನುತ್ತದೆಯೋ ಹಾಗೆಯೇ ಪ್ರಾಥಮಿಕ ಸುರುಳಿಯ ಪ್ರವಾಹವನ್ನು ಫಕ್ಕನೆ ಕಡಿದಾಗ ಕಾಂತಕ್ಷೇತ್ರವು ಕುಸಿದು, ದ್ವಿತೀಯಕದಲ್ಲಿ ಭಾರಿ ವೋಲ್ಟೇಜು ಹುಟ್ಟುತ್ತದೆ.

ಹೀಗೆ ಕಡಿಯುವ ಕೆಲಸ ಪಾಯಿಂಟಿನದು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಬಳಕೆಗೆ ತಂದ ಈ ಏರ್ಪಾಡು ಹಲವು ದಶಕಗಳ ಕಾಲ ಜಗತ್ತಿನ ಕಾರುಗಳನ್ನು ನಡೆಸಿತು. ಟಂಗ್‌ಸ್ಟನ್ ಲೋಹದ ಎರಡು ಪುಟ್ಟ ತುದಿಗಳು, ಅವನ್ನು ತೆರೆಯಿಸಲು ತಿರುಗುವ ಒಂದು ಕ್ಯಾಮ್, ಮುಚ್ಚಿಸಲು ಒಂದು ಸ್ಪ್ರಿಂಗು, ಇಷ್ಟೆ. ತೆರೆಯುವ ಕ್ಷಣದಲ್ಲಿ ತುದಿಗಳ ನಡುವೆಯೇ ಕಿಡಿ ಹಾರಿ ಶಕ್ತಿ ವ್ಯರ್ಥವಾಗದಂತೆ ಪಕ್ಕದಲ್ಲಿ ಕಂಡೆನ್ಸರ್ ಇರುತ್ತದೆ.

ಇದರ ದೋಷಗಳು ಮೂರು. ಮೊದಲನೆಯದು, ಕಂಡೆನ್ಸರ್ ಇದ್ದರೂ ತುದಿಗಳು ಸ್ವಲ್ಪ ಸ್ವಲ್ಪವೇ ಸುಟ್ಟು ಕುಳಿ ಬೀಳುತ್ತವೆ. ಎರಡನೆಯದು, ಕ್ಯಾಮಿಗೆ ಉಜ್ಜುವ ಫೈಬರಿನ ಹಿಮ್ಮಡಿ ಸವೆಯುತ್ತದೆ. ಆಗ ಸುಮಾರು 0.4 ಮಿ.ಮೀ. ಇರಬೇಕಾದ ಸಂದು ಕಿರಿದಾಗಿ ಪಾಯಿಂಟು ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಮೂರನೆಯದನ್ನು ಲೆಕ್ಕದಿಂದಲೇ ತಿಳಿಯಬೇಕು.

ಪ್ರಾಥಮಿಕ ಸುರುಳಿಯ ಪ್ರೇರಕತ್ವ 0.008 ಹೆನ್ರಿ, ರೋಧ 3 ಓಮ್ ಎಂದಿಟ್ಟುಕೊಳ್ಳೋಣ. ಗರಿಷ್ಠ ಪ್ರವಾಹ 12 ÷ 3 = 4 ಆಂಪಿಯರ್. ಸುರುಳಿಯಲ್ಲಿ ಕೂಡಿಟ್ಟ ಶಕ್ತಿ ½LI², ಅಂದರೆ 0.064 ಜೂಲ್. ಆದರೆ ಪ್ರವಾಹವು ಒಮ್ಮೆಲೇ 4 ಆಂಪಿಯರಿಗೆ ಏರುವುದಿಲ್ಲ. ಅದರ ಕಾಲಸ್ಥಿರಾಂಕ L/R, ಸುಮಾರು 2.7 ಮಿಲಿಸೆಕೆಂಡು. ಇನ್ನು ನಾಲ್ಕು ಸಿಲಿಂಡರಿನ, ನಾಲ್ಕು ಹೊಡೆತಗಳ ಎಂಜಿನ್ನು ನಿಮಿಷಕ್ಕೆ 4800 ಸುತ್ತು ತಿರುಗುವಾಗ ಸೆಕೆಂಡಿಗೆ 160 ಕಿಡಿಗಳು ಬೇಕು. ಒಂದೊಂದಕ್ಕೂ ದೊರೆಯುವ ಕಾಲ 6.25 ಮಿಲಿಸೆಕೆಂಡು. ಅದರಲ್ಲಿ ಪಾಯಿಂಟು ಮುಚ್ಚಿರುವುದು ಮೂರರಲ್ಲಿ ಎರಡು ಪಾಲು ಎಂದರೆ 4.2 ಮಿಲಿಸೆಕೆಂಡು. ಅಷ್ಟರಲ್ಲಿ ಪ್ರವಾಹ 3.2 ಆಂಪಿಯರಿಗೆ ಮಾತ್ರ ಏರುತ್ತದೆ, ಶಕ್ತಿ 0.041 ಜೂಲಿಗೆ ಇಳಿಯುತ್ತದೆ. ವೇಗ ಹೆಚ್ಚಿದಷ್ಟೂ ಕಿಡಿ ಸೊರಗುತ್ತದೆ. ಹಾಗಾದರೆ ಹೆಚ್ಚು ಪ್ರವಾಹವನ್ನೇ ಹರಿಸಬಾರದೇಕೆ? ಪಾಯಿಂಟು ಬೇಗ ಸುಟ್ಟುಹೋಗುತ್ತದೆ.

ಎಲೆಕ್ಟ್ರಾನಿಕ್ ಏರ್ಪಾಡಿನಲ್ಲಿ ಪ್ರವಾಹವನ್ನು ಕಡಿಯುವುದು ಟ್ರಾನ್ಸಿಸ್ಟರು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಸಾಧನವಿದು. ಯಾವಾಗ ಕಡಿಯಬೇಕೆಂದು ಅದಕ್ಕೆ ತಿಳಿಸುವುದು, ಅನೇಕ ಕಿಟ್ಟುಗಳಲ್ಲಿ, 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮ. ಡಿಸ್ಟ್ರಿಬ್ಯೂಟರಿನ ದಂಡಕ್ಕೆ ತೊಡಿಸಿದ ಉಂಗುರದ ಅಯಸ್ಕಾಂತಗಳು ಹಾಲ್ ಸಂವೇದಕದ ಮುಂದೆ ಹಾದುಹೋದಾಗ ಸಣ್ಣದೊಂದು ವೋಲ್ಟೇಜು ಹುಟ್ಟಿ ಸೂಚನೆ ಕೊಡುತ್ತದೆ. ಒಂದನ್ನೊಂದು ಮುಟ್ಟುವುದಿಲ್ಲವಾದ್ದರಿಂದ ಅಲ್ಲಿ ಸವೆತವಿಲ್ಲ. ಟ್ರಾನ್ಸಿಸ್ಟರು ಹೆಚ್ಚಿನ ಪ್ರವಾಹವನ್ನು ತಾಳುವುದರಿಂದ ಅದಕ್ಕೆ ತಕ್ಕ ಬೇರೆ ಕಾಯಿಲನ್ನೂ ಬಳಸಬಹುದು. 0.004 ಹೆನ್ರಿ, 0.7 ಓಮಿನ ಕಾಯಿಲಿನಲ್ಲಿ ಪ್ರವಾಹ 6 ಆಂಪಿಯರಿಗೆ ಏರಲು ಸುಮಾರು 2.5 ಮಿಲಿಸೆಕೆಂಡು ಸಾಕು. ಪ್ರವಾಹವನ್ನು ಅಲ್ಲಿಗೇ ತಡೆಯುವ ಮಾಡ್ಯೂಲು ಇದ್ದರೆ ಶಕ್ತಿ 0.072 ಜೂಲ್, ಅದೂ 4800 ಸುತ್ತಿನಲ್ಲಿಯೂ ಕುಂದದೆ! ಹಳೆಯ ಕಾಯಿಲನ್ನೇ ಉಳಿಸಿಕೊಂಡರೆ ಈ ಲಾಭವಿಲ್ಲವೆಂಬುದನ್ನು ಮರೆಯಬಾರದು. ಆಗ ಸವೆತದ ತೊಂದರೆಯೊಂದೇ ನೀಗುತ್ತದೆ.

ಜೋಡಿಸುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಮೊದಲು ಬ್ಯಾಟರಿಯ ಸಂಪರ್ಕವನ್ನು ಬಿಡಿಸಬೇಕು. ಹಲವು ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಕಾರಿನ ಮೈಗೆ ಜೋಡಿಸಿರುತ್ತಾರೆ. ಅದನ್ನು ನೋಡದೆ ತಂತಿ ಕೊಟ್ಟರೆ ಮಾಡ್ಯೂಲು ಕ್ಷಣದಲ್ಲಿ ಹಾಳಾಗಬಹುದು. ಕಾಯಿಲಿನ ರೋಧ ಮಾಡ್ಯೂಲಿಗೆ ಹೊಂದಬೇಕು. ಎಂಜಿನ್ನು ನಿಂತಿರುವಾಗ ಸ್ವಿಚ್ಚನ್ನು ಹಾಕಿಬಿಡಬಾರದು, ಕೆಲವು ಮಾಡ್ಯೂಲುಗಳು ಕಾದು ಕೆಡುತ್ತವೆ. ಕೊನೆಗೆ ಕಿಡಿಯ ಕಾಲವನ್ನು ಹೊಸದಾಗಿ ಹೊಂದಿಸಬೇಕು. ಎಂಜಿನ್ನು ಓಡುತ್ತಿರುವಾಗ ಪ್ಲಗ್ಗಿನ ತಂತಿಯನ್ನು ಯಾರೂ ಕೈಯಿಂದ ಮುಟ್ಟಕೂಡದು.

ಕಾರಿನ ಅಶ್ವಶಕ್ತಿ ಇದರಿಂದ ಹೆಚ್ಚುವುದೇ? ಪಾಯಿಂಟು ಸರಿಯಾಗಿದ್ದ ಕಾರಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣದು. ಇಂದಿನ ಹೊಂದಿಕೆ ನಾಳೆಯೂ ಹಾಗೆಯೇ ಉಳಿಯುವುದೇ ಲಾಭ. ನಷ್ಟವೂ ಒಂದಿದೆ. ಪಾಯಿಂಟು ಕೆಡುವ ಮುನ್ನ ಮುನ್ಸೂಚನೆ ಕೊಡುತ್ತದೆ, ಕೆಟ್ಟರೂ ರಟ್ಟಿನ ಚೂರಿನಿಂದ ರಿಪೇರಿಯಾಗುತ್ತದೆ. ಮಾಡ್ಯೂಲು ಕೆಟ್ಟರೆ ಘಟ್ಟದ ನಡುವೆ ಯಾವ ಮೇಸ್ತ್ರಿಯೂ ಅದನ್ನು ಉಜ್ಜಿ ಸರಿಪಡಿಸಲಾರ. ಆದುದರಿಂದ ನಮ್ಮ ಮಿತ್ರರು ಹೊಸದನ್ನು ಹಾಕಿಸಿದರೂ ಹಳೆಯ ಪಾಯಿಂಟು, ಕಂಡೆನ್ಸರ್, ಕಾಯಿಲ್ ಈ ಮೂರನ್ನೂ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟುಕೊಂಡಿದ್ದಾರೆ. ಅದು ಜಾಣತನವೆಂದೇ ನಮ್ಮ ಅಭಿಪ್ರಾಯ.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ: ಅದೇ ಹಳೆಯ ಕಾಯಿಲು, ಅದೇ ಪಾಯಿಂಟು ಇರುವಾಗ 3000 ಸುತ್ತಿನಲ್ಲಿ ಕಿಡಿಗೆ ದೊರೆಯುವ ಶಕ್ತಿ ಎಷ್ಟು? ನಿಮ್ಮ ಉತ್ತರ 0.054 ಜೂಲಿನ ಹತ್ತಿರ ಬಂದರೆ ಲೆಕ್ಕದ ದಾರಿ ಸರಿಯೆಂದು ತಿಳಿಯಿರಿ.