ವ್ರತಕ್ಕೆ ಮುನ್ನ, ಪಾರಣೆಯ ಬಳಿಕ: ದೇಹದ ಅಳತೆಯಲ್ಲಿನ ವ್ಯತ್ಯಾಸವನ್ನು ಅರಿಯುವ ಬಗೆ

ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸವಾಗಲಿ, ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಕೈಕೊಳ್ಳುವ ಏಕಾಶನವಾಗಲಿ, ಅವುಗಳ ಮುಖ್ಯ ಫಲವು ಕರ್ಮನಿರ್ಜರೆಯೆಂದು ಶಾಸ್ತ್ರವು ಹೇಳುತ್ತದೆ. ಆ ಫಲವನ್ನು ಯಾವ ತಕ್ಕಡಿಯೂ ತೂಗಲಾರದು. ಆದರೆ ವ್ರತಿಯ ತೂಕ, ರಕ್ತದೊತ್ತಡ, ರಕ್ತದಲ್ಲಿನ ಸಕ್ಕರೆ ಇವು ಅಳತೆಗೆ ಸಿಕ್ಕುವ ಸಂಗತಿಗಳು. ಪರ್ವಕ್ಕೆ ಮುನ್ನ 160 ಇದ್ದ ರಕ್ತದೊತ್ತಡದ ಮೇಲಿನ ಅಂಕವು ಪರ್ವ ಮುಗಿದಾಗ 148ಕ್ಕೆ ಇಳಿದಿದ್ದರೆ ಮನೆಯವರಿಗೆ ಸಂತೋಷವಾಗುವುದು ಸಹಜ. ಆ ಸಂತೋಷದಲ್ಲಿಯೇ ಹಿರಿಯರೊಬ್ಬರು ದಿನವೂ ಸೇವಿಸುವ ಗುಳಿಗೆಯನ್ನು ತಾವಾಗಿಯೇ ಬಿಟ್ಟರೆ, ಪಾರ್ಶ್ವವಾಯುವಿಗೂ ಹೃದಯಾಘಾತಕ್ಕೂ ಬಾಗಿಲು ತೆರೆದಂತಾಗಬಹುದು. ಆದಕಾರಣ ಈ ಎರಡು ಅಳತೆಗಳ ನಡುವಿನ 12 ಅಂಕಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಶ್ರಾವಕ ಶ್ರಾವಿಕೆಯರು ತಿಳಿದಿರುವುದು ಅಗತ್ಯ.

ಲೆಕ್ಕದ ವಿಚಾರವು ಈ ಸೀಮೆಗೆ ಹೊಸತಲ್ಲ. ಸೇಡಂ ತಾಲ್ಲೂಕಿನ ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಪಾಕಶಾಸ್ತ್ರಕ್ಕೂ ವೈದ್ಯಕ್ಕೂ ಗಣಿತವು ಬೇಕೆಂಬುದನ್ನು ಅವರು ಗ್ರಂಥದ ಆರಂಭದಲ್ಲಿಯೇ ಸೂಚಿಸಿದ್ದಾರೆ. 160ರಲ್ಲಿ 148ನ್ನು ಕಳೆಯುವುದು ಬಾಲಕರ ಲೆಕ್ಕ. ಉಳಿದ 12ಕ್ಕೆ ಕಾರಣ ಯಾವುದೆಂದು ನಿರ್ಣಯಿಸುವುದೇ ಕಠಿಣ. ಅದಕ್ಕಾಗಿ ಸಂಖ್ಯಾಶಾಸ್ತ್ರವು ಕಳೆದ ನೂರೈವತ್ತು ವರ್ಷಗಳಲ್ಲಿ ಕೆಲವು ವಿಧಾನಗಳನ್ನು ರೂಪಿಸಿದೆ.

ತಾನಾಗಿ ಇಳಿಯುವ ಅಂಕ

ಚಿಕಿತ್ಸೆಗೆ ಅಥವಾ ಪಥ್ಯಕ್ಕೆ ಮುನ್ನ ತೆಗೆದುಕೊಳ್ಳುವ ಅಳತೆಗೆ ಆರಂಭದ ಅಳತೆ ಎಂದು ಹೆಸರು. ಈ ಅಳತೆಯು ಸ್ಥಿರವಾದುದಲ್ಲ. ರಕ್ತದೊತ್ತಡವು ಬೆಳಗು ಬೈಗುಗಳಲ್ಲಿ ಬೇರೆ ಬೇರೆ; ಮೆಟ್ಟಿಲು ಹತ್ತಿ ಬಂದಾಗ ಒಂದು, ಕುಳಿತು ವಿಶ್ರಮಿಸಿದಾಗ ಇನ್ನೊಂದು. ಯಾವುದೋ ಒಂದು ದಿನ ಅಂಕವು ಬಹಳ ಹೆಚ್ಚಾಗಿದ್ದರೆ, ಅದರಲ್ಲಿ ವ್ಯಕ್ತಿಯ ನಿಜವಾದ ಒತ್ತಡದ ಪಾಲೂ ಉಂಟು, ಆ ದಿನದ ಆಕಸ್ಮಿಕದ ಪಾಲೂ ಉಂಟು. ಮರುಬಾರಿ ಅಳೆದಾಗ ಆಕಸ್ಮಿಕದ ಪಾಲು ಹಾಗೆಯೇ ಉಳಿಯುವುದಿಲ್ಲ. ಆದ್ದರಿಂದ ಅತಿ ಹೆಚ್ಚಿನ ಅಂಕವುಳ್ಳವರನ್ನೇ ಆರಿಸಿ ಮತ್ತೆ ಅಳೆದರೆ, ಯಾವ ಔಷಧವನ್ನೂ ಕೊಡದಿದ್ದರೂ ಅವರ ಸರಾಸರಿಯು ಸಾಮಾನ್ಯವಾಗಿ ಇಳಿದಿರುತ್ತದೆ.

ತೊಗರಿ ಬೆಳೆಯುವ ಈ ನಾಡಿನ ಕೃಷಿಕರಿಗೆ ಇದು ಅಪರಿಚಿತವಲ್ಲ. ಈ ವರ್ಷ ಊರಿಗೇ ಹೆಚ್ಚು ಇಳುವರಿ ಕೊಟ್ಟ ಹತ್ತು ಹೊಲಗಳನ್ನು ಗುರುತಿಟ್ಟುಕೊಂಡು ಮುಂದಿನ ವರ್ಷ ನೋಡಿದರೆ, ಅವುಗಳಲ್ಲಿ ಬಹುಪಾಲು ಊರಿನ ಸರಾಸರಿಯ ಕಡೆಗೆ ಸರಿದಿರುತ್ತವೆ. ಇದು ಒಕ್ಕಲಿಗನ ತಪ್ಪಲ್ಲ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ 928 ಮಂದಿ ವಯಸ್ಕ ಮಕ್ಕಳ ಎತ್ತರವನ್ನು ಅವರ ತಂದೆತಾಯಿಯರ ಎತ್ತರದೊಡನೆ ಹೋಲಿಸಿ ಇದೇ ನಿಯಮವನ್ನು ತೋರಿಸಿದನು. ತಂದೆತಾಯಿಯರು ಸರಾಸರಿಗಿಂತ ಮೂರು ಅಂಗುಲ ಎತ್ತರವಾಗಿದ್ದರೆ, ಮಕ್ಕಳು ಸುಮಾರು ಎರಡು ಅಂಗುಲವಷ್ಟೇ ಎತ್ತರವಾಗಿದ್ದರು. ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನಬಹುದು. ಅಂಕವು ಹೆಚ್ಚಾದ ದಿನವೇ ಗಾಬರಿಗೊಂಡು ಪಥ್ಯ ಹಿಡಿದವನು, ಅನಂತರದ ಇಳಿಕೆಯನ್ನೆಲ್ಲ ಪಥ್ಯಕ್ಕೇ ಸಲ್ಲಿಸಿದರೆ ಲೆಕ್ಕ ತಪ್ಪುತ್ತದೆ.

ಹೋಲಿಕೆಯ ಗುಂಪು

ಈ ದೋಷಕ್ಕೆ ಪರಿಹಾರವೆಂದರೆ ಚಿಕಿತ್ಸೆ ಪಡೆಯದ ಇನ್ನೊಂದು ಗುಂಪನ್ನು ಜೊತೆಯಲ್ಲಿ ಅಳೆಯುವುದು. ಕರ್ನಾಟಕದಲ್ಲಿಯೇ ಇದಕ್ಕೆ ಉತ್ತಮ ನಿದರ್ಶನವುಂಟು. ಬೆಂಗಳೂರಿನ ಡಾ. ಆರ್. ನಾಗರತ್ನ ಮತ್ತು ಡಾ. ಎಚ್. ಆರ್. ನಾಗೇಂದ್ರ ಅವರು ಯೋಗಾಭ್ಯಾಸದಿಂದ ಉಬ್ಬಸ ರೋಗಿಗಳಿಗಾಗುವ ಪ್ರಯೋಜನವನ್ನು ಪರೀಕ್ಷಿಸಿ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. 53 ರೋಗಿಗಳು ಎರಡು ವಾರ ಯೋಗದ ಶಿಕ್ಷಣ ಪಡೆದು, ದಿನಕ್ಕೆ 65 ನಿಮಿಷ ಅಭ್ಯಾಸ ಮಾಡಬೇಕೆಂಬ ಸೂಚನೆ ಹೊಂದಿದರು. ವಯಸ್ಸು, ಲಿಂಗ, ರೋಗದ ಬಗೆ ಮತ್ತು ತೀವ್ರತೆಗಳಲ್ಲಿ ಅವರಿಗೆ ಸರಿಹೊಂದುವ ಬೇರೆ 53 ರೋಗಿಗಳು ಎಂದಿನ ಔಷಧಗಳನ್ನಷ್ಟೇ ಮುಂದುವರಿಸಿದರು. ವಾರದಲ್ಲಿ ಬರುವ ಉಬ್ಬಸದ ಬಾಧೆ, ಔಷಧದ ಅಗತ್ಯ, ಉಸಿರನ್ನು ಹೊರಬಿಡುವ ವೇಗ ಇವುಗಳಲ್ಲಿ ಯೋಗದ ಗುಂಪಿನ ಸುಧಾರಣೆ ಹೆಚ್ಚಾಗಿತ್ತು. ‘ಯೋಗದವರು ಸುಧಾರಿಸಿದರು’ ಎಂಬುದು ಇಲ್ಲಿಯ ಮುಖ್ಯ ವಾಕ್ಯವಲ್ಲ. ‘ಅಂತಹುದೇ ಸ್ಥಿತಿಯಿಂದ ಹೊರಟ ಇತರರಿಗಿಂತ ಹೆಚ್ಚು ಸುಧಾರಿಸಿದರು’ ಎಂಬುದೇ ಮುಖ್ಯ.

ಲೆಕ್ಕದ ಮೂರು ದಾರಿಗಳು

ಎರಡು ಗುಂಪುಗಳು ಸರಿಸಮವಾಗಿ ಆರಂಭವಾಗದಿದ್ದರೆ ಏನು ಮಾಡಬೇಕು? ಉದಾಹರಣೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳಬಹುದು. ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಒಪ್ಪೊತ್ತಿನ ಊಟದ ಪಥ್ಯ ಹೇಳಲಾಯಿತು. ಆ ಗುಂಪಿನ ಸರಾಸರಿ ಒತ್ತಡವು 156ರಿಂದ 146ಕ್ಕೆ ಇಳಿಯಿತು. ಪಥ್ಯವಿಲ್ಲದ ಗುಂಪಿನದು 150ರಿಂದ 144ಕ್ಕೆ ಇಳಿಯಿತು.

ಮೊದಲನೆಯ ದಾರಿ, ಕೊನೆಯ ಅಂಕವನ್ನು ಮಾತ್ರ ನೋಡುವುದು. ಆಗ ಪಥ್ಯದ ಗುಂಪು 2 ಅಂಕ ಹಿಂದೆ ಬೀಳುತ್ತದೆ. ಎರಡನೆಯದು, ಇಳಿಕೆಯನ್ನು ಹೋಲಿಸುವುದು. 10 ಮತ್ತು 6. ಪಥ್ಯಕ್ಕೆ 4 ಅಂಕಗಳ ಲಾಭ. ಆದರೆ ಹೆಚ್ಚಿನ ಅಂಕದಿಂದ ಹೊರಟವರು ತಾವಾಗಿಯೇ ಹೆಚ್ಚು ಇಳಿಯುತ್ತಾರೆಂಬುದನ್ನು ಈ ದಾರಿಯು ಮರೆಯುತ್ತದೆ. ಮೂರನೆಯ ದಾರಿಯು ಅದನ್ನೂ ಲೆಕ್ಕಕ್ಕೆ ತರುತ್ತದೆ. ಆರಂಭದಲ್ಲಿ ಒಂದು ಅಂಕ ಹೆಚ್ಚಿದ್ದವರು ಕೊನೆಯಲ್ಲಿ ಅರ್ಧ ಅಂಕವಷ್ಟೇ ಹೆಚ್ಚಿರುತ್ತಾರೆಂದು ಅದೇ ರೋಗಿಗಳ ಅಳತೆಗಳಿಂದ ಕಂಡುಬಂದರೆ, ಆರಂಭದ 6 ಅಂಕಗಳ ಅಂತರವು ಕೊನೆಗೆ 3 ಆಗಿ ಉಳಿಯಬೇಕಿತ್ತು. ಉಳಿದದ್ದು 2. ಆದ್ದರಿಂದ ಪಥ್ಯದ ಲಾಭ 1 ಅಂಕ ಮಾತ್ರ. 1930ರ ದಶಕದಲ್ಲಿ ಆರ್. ಎ. ಫಿಶರ್ ಬಳಕೆಗೆ ತಂದ ಈ ಕ್ರಮಕ್ಕೆ ಕೋವೇರಿಯನ್ಸ್ ವಿಶ್ಲೇಷಣೆ ಎಂದು ಹೆಸರು. 2001ರಲ್ಲಿ ವಿಕರ್ಸ್ ಮತ್ತು ಆಲ್ಟ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ವೈದ್ಯಕೀಯ ಪ್ರಯೋಗಗಳಿಗೆ ಇದನ್ನೇ ಸೂಚಿಸಿದರು.

ಶೇಕಡಾ ಲೆಕ್ಕದಲ್ಲಿಯೂ ಎಚ್ಚರಿಕೆ ಬೇಕು. 100 ಎಂಬುದು ಶೇಕಡಾ 50ರಷ್ಟು ಇಳಿದರೆ 50; ಅದು ಮತ್ತೆ ಶೇಕಡಾ 50ರಷ್ಟು ಏರಿದರೆ 100 ಆಗದು, 75 ಆಗುವುದು. ಏರಿಳಿತಗಳು ಶೇಕಡಾವಾರಿನಲ್ಲಿ ಸರಿದೂಗುವುದಿಲ್ಲ.

ಇಷ್ಟಾದರೂ ಒಂದು ಮಿತಿಯುಂಟು. ವ್ರತವನ್ನು ಚೀಟಿ ಎತ್ತಿ ಹಂಚಲಾಗದು. ಅದು ಸ್ವಸಂಕಲ್ಪದಿಂದ ಬರುವುದು. ವ್ರತ ಹಿಡಿದವರು ಆಹಾರ, ನಿದ್ರೆ, ನಡತೆಗಳಲ್ಲಿ ಮೊದಲೇ ಸಂಯಮಿಗಳಾಗಿರಬಹುದು. ಅಂತಹ ಭೇದವನ್ನು ಮೂರನೆಯ ದಾರಿಯೂ ಪೂರ್ತಿಯಾಗಿ ನಿವಾರಿಸಲಾರದು. ಹೀಗೆ ‘ಇಂತಹ ಅಪೇಕ್ಷೆಯಿಂದ ಇಷ್ಟು’ ಎಂದೇ ನುಡಿಯಬೇಕಾದ ಸ್ಥಿತಿಯು ಸ್ಯಾದ್ವಾದವನ್ನು ಬಲ್ಲವರಿಗೆ ಹೊಸತಲ್ಲ. ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪಿ. ಸಿ. ಮಹಲನೋಬಿಸ್ 1954ರಲ್ಲಿ, ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ, ಸ್ಯಾದ್ವಾದವನ್ನು ಆಧುನಿಕ ವಿಜ್ಞಾನದ ದೃಷ್ಟಿಯಿಂದ ವಿವೇಚಿಸಿ ಲೇಖನಗಳನ್ನು ಬರೆದಿದ್ದಾರೆ.

ಮನೆಯಲ್ಲಿ ಪಾಲಿಸಬೇಕಾದುದು

ಗೃಹಸ್ಥರಿಗೆ ಇದರಿಂದ ದೊರೆಯುವ ಪಾಠ ಸರಳವಾಗಿದೆ. ವ್ರತಕ್ಕೆ ಮುನ್ನ ಒಂದೇ ಅಳತೆಯನ್ನು ನಂಬದೆ, ಐದು ನಿಮಿಷ ಕುಳಿತು ವಿಶ್ರಮಿಸಿ, ಒಂದೇ ಯಂತ್ರದಿಂದ, ಒಂದೇ ಹೊತ್ತಿನಲ್ಲಿ ಹಲವು ದಿನ ಅಳೆದು ಸರಾಸರಿಯನ್ನು ಬರೆದಿಡಬೇಕು. ಪಾರಣೆಯ ದಿನದ ಅಂಕವನ್ನು ಕೊನೆಯ ಮಾತೆಂದು ತಿಳಿಯಬಾರದು. ಉಪವಾಸದ ಮೊದಲ ದಿನಗಳಲ್ಲಿ ಕಡಿಮೆಯಾಗುವ ತೂಕದಲ್ಲಿ ನೀರಿನ ಪಾಲೇ ಹೆಚ್ಚು. ಅದು ಅನ್ನಪಾನಗಳೊಡನೆ ಹಿಂದಿರುಗುತ್ತದೆ. ನೀರು ಮತ್ತು ಉಪ್ಪು ಕಡಿಮೆಯಾದಾಗ ರಕ್ತದೊತ್ತಡವೂ ತಾತ್ಕಾಲಿಕವಾಗಿ ಇಳಿಯಬಹುದು. ಎಂದಿನ ಆಹಾರಕ್ರಮಕ್ಕೆ ಮರಳಿದ ಮೇಲೆ ಮತ್ತೆ ಹಲವು ದಿನ ಅಳೆದರೆ ಮಾತ್ರ ಹೋಲಿಕೆ ನ್ಯಾಯವಾದುದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ಸೇವಿಸುವವರು ವ್ರತವನ್ನು ಸ್ವೀಕರಿಸುವ ಮುನ್ನವೇ ವೈದ್ಯರನ್ನು ಕಾಣಬೇಕು; ನಿರಾಹಾರದ ದಿನ ಸಕ್ಕರೆಯು ಅಪಾಯಕರವಾಗಿ ಕುಸಿಯುವ ಸಂಭವವುಂಟು. ರಕ್ತದೊತ್ತಡದ ಗುಳಿಗೆಯನ್ನು ಕಡಿಮೆ ಮಾಡಬೇಕೆ ಎಂಬುದನ್ನು, ಬರೆದಿಟ್ಟ ಎರಡೂ ಸರಾಸರಿಗಳನ್ನು ನೋಡಿ ವೈದ್ಯರೇ ನಿರ್ಣಯಿಸಲಿ. ಯಥಾಶಕ್ತಿ ತಪವೆಂಬುದು ಆಗಮಸಮ್ಮತವಾದ ಮಾತು. ಶಕ್ತಿಯೆಷ್ಟೆಂಬುದನ್ನು ಸರಿಯಾಗಿ ಅಳೆದು ಅರಿಯುವುದೂ ವ್ರತದ ಸಿದ್ಧತೆಯ ಒಂದು ಭಾಗವೇ ಆಗಿದೆ.