ತೂಕಡಿಸುವ ಕೋಳಿಯನ್ನು ಕೊಯ್ಯುವ ಮುನ್ನ

ಹಿತ್ತಲಲ್ಲಿ ನಾಲ್ಕಾರು ಜವಾರಿ ಕೋಳಿ ಸಾಕಿದ ಮನೆಗಳಲ್ಲಿ ಒಂದು ಹಳೆಯ ರೂಢಿಯಿದೆ. ಕೋಳಿ ತೂಕಡಿಸತೊಡಗಿತೆಂದರೆ ಸಾಯುವ ಮೊದಲೇ ಕೊಯ್ದು ಸಾರು ಮಾಡುವುದು, ಇಲ್ಲವೇ ಸಂತೆಗೆ ಒಯ್ದು ಬಂದಷ್ಟಕ್ಕೆ ಮಾರುವುದು. ಸಾಕಿದವರ ಸಂಕಟ ಅರ್ಥವಾಗುವಂಥದ್ದೇ. ಆದರೆ ಹಕ್ಕಿಜ್ವರದ ಅಪಾಯ ಇರುವುದು ಚೆನ್ನಾಗಿ ಬೆಂದ ಸಾರಿನಲ್ಲಲ್ಲ. ರೋಗದ ಕೋಳಿಯನ್ನು ಕೊಯ್ಯುವ, ಪುಕ್ಕ ಕೀಳುವ, ಕರುಳು ತೆಗೆಯುವ ಕೆಲಸದಲ್ಲಿ.

ಹಕ್ಕಿಜ್ವರವೆಂದರೆ ಹಕ್ಕಿಗಳಿಗೆ ಬರುವ ಒಂದು ಬಗೆಯ ಫ್ಲೂ. ಇದರ ವೈರಾಣುಗಳಲ್ಲಿ ಎಚ್‌5ಎನ್‌1 ಎಂಬುದು ಘೋರವಾದದ್ದು. ಭಾರತದಲ್ಲಿ ಇದು ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ನಮ್ಮ ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳಿಗೆ ಬಂತು. 2020ರಲ್ಲಿ ಮೈಸೂರು ಮತ್ತು ಹರಿಹರದ ಕಡೆ, 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಕಾಣಿಸಿತು. ಹರಿಹರ, ಬಳ್ಳಾರಿ ಮುಂಡರಗಿಯವರಿಗೆ ದೂರದ ಊರುಗಳೇನಲ್ಲ.

"ಹಾಗಾದರೆ ಮಾಗಡಿ ಕೆರೆಯ ಬಾತುಗಳು?" ಎಂದು ನೀವು ಕೇಳಬಹುದು. ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಇದು ರಾಮ್ಸಾರ್ ಪಟ್ಟಿಗೂ ಸೇರಿತು. ಇದೇ ಜಾತಿಯ ಹಕ್ಕಿಗಳು 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ, 2021ರ ಆರಂಭದಲ್ಲಿ ಹಿಮಾಚಲದ ಪೋಂಗ್ ಜಲಾಶಯದಲ್ಲಿ ಈ ರೋಗದಿಂದ ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಹಾಗೆಂದು ಬಾತುಗಳನ್ನು ಓಡಿಸಲು ಹೋಗಬೇಡಿ. ಓಡಿಸಿದ ಹಕ್ಕಿ ಇನ್ನೊಂದು ಕೆರೆಗೆ ಹೋಗುತ್ತದೆ, ಅಷ್ಟೇ. ಅವುಗಳ ಹಿಕ್ಕೆ ಬಿದ್ದ ನೀರನ್ನು ಕೋಳಿಗಳಿಗೆ ಕುಡಿಸದಿರುವುದು, ಸಾಕುಬಾತುಗಳನ್ನು ಆ ಕೆರೆಗೆ ಬಿಡದಿರುವುದು ನಿಮ್ಮ ಕೈಲಿದೆ. ಕೋಳಿಫಾರಂನಿಂದ ಫಾರಂಗೆ ರೋಗ ಒಯ್ಯುವುದರಲ್ಲಿ ಮನುಷ್ಯನ ಚಪ್ಪಲಿ, ಮೊಟ್ಟೆಯ ಟ್ರೇ, ಕೋಳಿ ಸಾಗಿಸುವ ವಾಹನಗಳ ಪಾಲೂ ದೊಡ್ಡದು. ಪಾಪ, ಬೈಗುಳ ಮಾತ್ರ ಹಕ್ಕಿಗೆ!

ರೋಗ ಗುರುತಿಸುವುದು ಹೇಗೆ? ನಿನ್ನೆ ಚೆನ್ನಾಗಿದ್ದ ಕೋಳಿಗಳು ಒಂದರ ಹಿಂದೊಂದು ಸಾಯುತ್ತವೆ. ಜುಟ್ಟು ನೀಲಿಗಟ್ಟುತ್ತದೆ, ಮುಖ ಊದುತ್ತದೆ, ಮೊಟ್ಟೆ ನಿಲ್ಲುತ್ತದೆ. ನಮ್ಮಲ್ಲಿ ಹೆಚ್ಚು ಕಾಣುವ ಕೊಕ್ಕರೆ ರೋಗದಲ್ಲೂ ಹೀಗೆಯೇ ಸಾವು ಬರುವುದರಿಂದ ಕಣ್ಣಳತೆಯಲ್ಲಿ ತೀರ್ಮಾನಿಸಲಾಗದು. ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಿ ಖಚಿತವಾಗಬೇಕು. ಆದ್ದರಿಂದ ಸತ್ತ ಕೋಳಿಯನ್ನು ತಿಪ್ಪೆಗೋ ಹಳ್ಳಕ್ಕೋ ಎಸೆಯದೆ, ನಾಯಿ ಬೆಕ್ಕು ಮುಟ್ಟದಂತೆ ಮುಚ್ಚಿಟ್ಟು, ಪಶು ಆಸ್ಪತ್ರೆಗೆ ಅಥವಾ 1962 ಸಂಖ್ಯೆಗೆ ತಿಳಿಸಿ. ಮುಟ್ಟಲೇಬೇಕಾದರೆ ಕೈಗೆ ಪ್ಲಾಸ್ಟಿಕ್ ಚೀಲ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಆಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಎಷ್ಟೋ ಜನ ಹೇಳದೆ ಮುಚ್ಚಿಡುತ್ತಾರೆ. ರೋಗ ಖಚಿತವಾದರೆ ಸುಮಾರು ಒಂದು ಕಿಲೋಮೀಟರ್ ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರಲ್ಲ, ನೆರೆಯವರು ಶಾಪ ಹಾಕುತ್ತಾರಲ್ಲ ಎಂಬ ಹೆದರಿಕೆ. ನೆನಪಿಡಿ: ಸರ್ಕಾರ ಪರಿಹಾರ ಕೊಡುವುದು ಹಾಗೆ ಕೊಂದ ಕೋಳಿಗಳಿಗೆ. ತಡಮಾಡಿದಷ್ಟೂ ತಾವಾಗಿ ಸಾಯುವ ಕೋಳಿಗಳೇ ಹೆಚ್ಚುತ್ತವೆ.

ಇನ್ನು ಊಟದ ಮಾತು. 70 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವಿನಲ್ಲಿ ಒಳಗಿನವರೆಗೆ ಬೆಂದ ಮಾಂಸದಲ್ಲಿ ವೈರಾಣು ಉಳಿಯದು. ನಮ್ಮ ಕುದಿಯುವ ಸಾರಿಗೆ ಭಯವಿಲ್ಲ. ಅರೆಬೆಂದ ಮೊಟ್ಟೆ ಬೇಡ. ಅಡುಗೆಮನೆಯಲ್ಲಿ ಮಕ್ಕಳು ಹಸಿಮಾಂಸ ಬಾಯಿಗಿಟ್ಟುಕೊಳ್ಳದಂತೆ ಕಣ್ಣಿಡಿ. ಆಂಧ್ರಪ್ರದೇಶದಲ್ಲಿ ಹಸಿ ಕೋಳಿಮಾಂಸದ ತುಣುಕು ತಿಂದಿದ್ದ ಎರಡು ವರ್ಷದ ಮಗುವೊಂದು 2025ರ ಮಾರ್ಚ್‌ನಲ್ಲಿ ಈ ರೋಗದಿಂದ ತೀರಿಕೊಂಡಿತು.

ಮನುಷ್ಯರಿಗೆ ಇದು ಅಂಟುವುದು ಅಪರೂಪ, ಅಂಟಿದರೆ ಪ್ರಾಣಕ್ಕೇ ಬರಬಹುದು. ಸತ್ತ ಕೋಳಿ ಮುಟ್ಟಿದ ಹತ್ತು ದಿನದೊಳಗೆ ಜ್ವರ, ಕೆಮ್ಮು, ಕಣ್ಣು ಕೆಂಪಾಗುವುದು ಅಥವಾ ಉಸಿರಿನ ತೊಂದರೆ ಬಂದರೆ ಅಂಗಡಿಯ ಮಾತ್ರೆ ನುಂಗಿ ಕೂರಬೇಡಿ. ವೈದ್ಯರಿಗೆ ಕೋಳಿಯ ವಿಷಯವನ್ನೇ ಮೊದಲು ಹೇಳಿ; ಇದಕ್ಕಿರುವ ಔಷಧ ಮೊದಲ ಎರಡು ದಿನದಲ್ಲಿ ಕೊಟ್ಟರೆ ಹೆಚ್ಚು ಗುಣ ಕಾಣುತ್ತದೆ.