ಪ್ರತಿ ತೂತಿಗೂ ಲೆಕ್ಕ ಇಡಿ: ಕ್ಯಾರವಾನ್ ಕಟ್ಟಿಸುವವರಿಗೆ ಕಿವಿಮಾತು

ಬಸ್ ಬಾಡಿ ಕಟ್ಟುವ ಕೆಲಸದಲ್ಲೇ ತಲೆ ನರೆತವನು ನಾನು. ಪೀಣ್ಯ ಎರಡನೇ ಹಂತದ ಶೆಡ್ಡಿನಿಂದ ನಿವೃತ್ತಿಯಾದ ಮೇಲೂ ವೈಟ್‌ಫೀಲ್ಡ್, ಸರ್ಜಾಪುರ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಹುಡುಗ ಹುಡುಗಿಯರು ಹುಡುಕಿಕೊಂಡು ಬರುತ್ತಾರೆ. ಒಂದು ಟೆಂಪೋ ಟ್ರಾವೆಲರ್ ಕೊಂಡು, ಅದರೊಳಗೆ ಹಾಸಿಗೆ, ಒಲೆ, ಟಾಯ್ಲೆಟ್ ಕೂರಿಸಿಕೊಂಡು ಊರೂರು ಸುತ್ತಬೇಕೆಂಬುದು ಅವರ ಆಸೆ. ತುಂಬ ಒಳ್ಳೆಯ ಆಸೆ. ಹಾಗೆ ಕಟ್ಟಿಸಿಕೊಂಡು ಹೋದವರು ವರ್ಷದ ಮೇಲೆ ಬಂದು ಹೇಳಿಕೊಂಡ ಕಷ್ಟಗಳನ್ನೂ ಕೇಳಿದ್ದೇನೆ. ಇಂಜಿನ್ ಕೈಕೊಟ್ಟಿತು ಎಂದವರು ಕಡಿಮೆ. ಟಾಪ್ ಸೋರಿತು, ವೈರ್ ಕರಗಿತು, ಕಪಾಟಿನ ಬಾಗಿಲು ಕೂರುತ್ತಿಲ್ಲ, ಎಫ್‌ಸಿ ಆಗುತ್ತಿಲ್ಲ ಎಂದವರೇ ಹೆಚ್ಚು. ಕಾರ್ಖಾನೆಯಿಂದ ಗಟ್ಟಿಯಾಗಿ ಬಂದ ಗಾಡಿಗೆ ನಾವು ತೂತು ಕೊರೆಯುತ್ತೇವೆ. ತೊಂದರೆ ಅಲ್ಲಿಂದಲೇ ಒಳಗೆ ಬರುತ್ತದೆ. ಆದ್ದರಿಂದ ಮಕ್ಕಳೇ, ಅಡ್ವಾನ್ಸ್ ಕೊಡುವ ಮುಂಚೆ ಇಷ್ಟು ಕೇಳಿಸಿಕೊಳ್ಳಿ.

• ಮೊದಲು ಕಾಗದ, ಆಮೇಲೆ ಮರಗೆಲಸ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಡಾಖಂಡಿತವಾಗಿ ಹೇಳಿದೆ. 2021ರ ಆಗಸ್ಟಿನಲ್ಲಿ ಪಕ್ಕದ ಕೇರಳದ ಕಣ್ಣೂರಿನಲ್ಲಿ ಇಬ್ಬರು ಯೂಟ್ಯೂಬ್ ಸೋದರರ ಪ್ರವಾಸದ ವ್ಯಾನನ್ನು ಸಾರಿಗೆ ಇಲಾಖೆ ಹಿಡಿದು ನಿಲ್ಲಿಸಿದ್ದೂ ನಿಯಮ ಮೀರಿ ಮಾಡಿಸಿದ ಬದಲಾವಣೆಗಳಿಗಾಗಿಯೇ. ಹಳೆಯ ಹದಿಮೂರು ಸೀಟಿನ ಗಾಡಿ ತಂದು ಸೀಟು ಕಿತ್ತು ಮಂಚ ಹಾಕಿಸಿದರೆ ಆರ್‌ಸಿಯಲ್ಲಿ ಅದು ಸೀಟಿನ ಗಾಡಿಯೇ. ಮೋಟಾರ್ ಕ್ಯಾರವಾನಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಬಾಡಿ ಕಟ್ಟುವವರ ಬಳಿ ಆ ಮಾದರಿಗೆ ಟೆಸ್ಟಿಂಗ್ ಸಂಸ್ಥೆಯ ಅನುಮೋದನೆ ಇದೆಯೇ, ಚಾಸಿ ಒಬ್ಬರದು ಬಾಡಿ ಇನ್ನೊಬ್ಬರದು ಆದಾಗ ಬೇಕಾಗುವ ಫಾರಂ 22-ಎ ಕೊಡುತ್ತಾರೆಯೇ, ಕೇಳಿ. "ಅದೆಲ್ಲ ನಾವು ನೋಡ್ಕೋತೀವಿ ಸಾರ್" ಎಂಬ ಮಾತಿಗೆ ದುಡ್ಡು ಕೊಡಬೇಡಿ. ಕೆಎ-53 ಆಗಲಿ, ಕೆಎ-51 ಆಗಲಿ, ನಿಮ್ಮ ಆರ್‌ಟಿಒಗೆ ನೀವೇ ಒಮ್ಮೆ ಹೋಗಿ, ಆರ್‌ಸಿಯಲ್ಲಿ ಬಾಡಿಯ ವಿಧ ಏನೆಂದು ಬರೆಯುತ್ತಾರೆ ಎಂದು ವಿಚಾರಿಸಿಕೊಂಡು ಬನ್ನಿ.

• ಊರೂರಲ್ಲಿ ಸಾಮಾನು ಸಿಗುವ ಗಾಡಿಯನ್ನೇ ಆರಿಸಿ. ಟ್ರಾವೆಲರ್ 1987ರಿಂದ ನಮ್ಮ ರಸ್ತೆಯಲ್ಲಿದೆ. ಅದರ ಕಂಪನಿ ಬಜಾಜ್ ಟೆಂಪೋ ಹೋಗಿ ಫೋರ್ಸ್ ಮೋಟಾರ್ಸ್ ಆದರೂ ಜನರ ಬಾಯಲ್ಲಿ ಅದು ಇನ್ನೂ 'ಟಿಟಿ'ಯೇ. ಹೊಸದುರ್ಗದಲ್ಲಿ ಕೆಟ್ಟು ನಿಂತರೂ ಅದರ ಬ್ರೇಕ್ ಪ್ಯಾಡ್ ತಿಳಿದ ಮೆಕ್ಯಾನಿಕ್ ಒಬ್ಬ ಇರುತ್ತಾನೆ.

• ಶೂಟಿಂಗಿನಿಂದ ಬಿಟ್ಟ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಅದು ನಟ ನಟಿಯರಿಗಾಗಿ ದಿನವಿಡೀ ಒಂದೇ ಕಡೆ ನಿಲ್ಲಲು ಕಟ್ಟಿದ್ದು. ದೊಡ್ಡ ಜನರೇಟರ್, ಕನ್ನಡಿ, ದಪ್ಪ ಮರ, ಎಲ್ಲ ಭಾರ. ಘಾಟಿ ಹತ್ತಿಸಿ ಇಳಿಸುವಾಗ ಬ್ರೇಕಿಗೆ ಆ ಭಾರ ಗೊತ್ತಾಗುತ್ತದೆ.

• ತೂಕ ಹಾಕಿಸಿ. ಈ ಒಂದು ಮಾತನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. 100 ಲೀಟರ್ ನೀರೆಂದರೆ 100 ಕಿಲೋ. ಎಂಟಕ್ಕೆ ನಾಲ್ಕಡಿಯ 18 ಎಂಎಂ ಪ್ಲೈ ಒಂದೊಂದು ಶೀಟೂ 30 ಕಿಲೋ ದಾಟುತ್ತದೆ. ಬ್ಯಾಟರಿ, ಎಸಿ, ಫ್ರಿಜ್, ಹಾಸಿಗೆ, ಅದರ ಮೇಲೆ ನೀವು, ಅಪ್ಪ ಅಮ್ಮ, ಮಕ್ಕಳು. ತುಮಕೂರು ರಸ್ತೆಯಲ್ಲಿ, ಬೊಮ್ಮಸಂದ್ರದಲ್ಲಿ ಲಾರಿಗಳು ನಿಲ್ಲುವ ವೇಬ್ರಿಡ್ಜ್ ಬೇಕಾದಷ್ಟಿವೆ. ಗಾಡಿ ಕೊಂಡಾಗ ಒಮ್ಮೆ, ಒಳಗೆಲಸ ಅರ್ಧ ಆದಾಗ ಒಮ್ಮೆ, ನೀರು ತುಂಬಿಸಿ ಮನೆಮಂದಿಯನ್ನೆಲ್ಲ ಕೂರಿಸಿ ಒಮ್ಮೆ ತೂಗಿಸಿ ಚೀಟಿ ಇಟ್ಟುಕೊಳ್ಳಿ. ಮುಂದಿನ ಚಕ್ರ ಬೇರೆ, ಹಿಂದಿನ ಚಕ್ರ ಬೇರೆ ತೂಗಿಸಿ. ಒಟ್ಟು ಸರಿಯಿದ್ದರೂ ಭಾರವೆಲ್ಲ ಹಿಂದಕ್ಕೆ ಕೂತಿದ್ದರೆ ಪಾಟಾ ಮುರಿಯುತ್ತದೆ, ಮುಂದೆ ಸ್ಟಿಯರಿಂಗ್ ಹಗುರಾಗಿ ತೇಲುತ್ತದೆ. ನೀರಿನ ಟ್ಯಾಂಕು ಒಂದು ಮಗ್ಗುಲಿಗಾದರೆ ಬ್ಯಾಟರಿ ಇನ್ನೊಂದು ಮಗ್ಗುಲಿಗಿರಲಿ. ದೊಡ್ಡ ಚಾಸಿಯ ಮೇಲೆ ಕಟ್ಟಿಸುವವರು ಇದನ್ನೂ ನೆನಪಿಡಿ: ನೋಂದಣಿಯಾದ ಒಟ್ಟು ತೂಕ 7,500 ಕಿಲೋ ದಾಟಿದರೆ ನಿಮ್ಮ ಎಲ್‌ಎಂವಿ ಲೈಸೆನ್ಸ್ ಸಾಲದು.

• ಪ್ಲೈ ಮೇಲೆ ಐಎಸ್ 710 ಮುದ್ರೆ ಇದೆಯೇ ನೋಡಿ, ಅದು ನೀರು ತಡೆಯುವ ದರ್ಜೆ. ಐಎಸ್ 303ರ ಎಂಆರ್ ದರ್ಜೆ ಮನೆಯ ಹಾಲಿಗೆ ಸಾಕು, ಗಾಡಿಗೆ ಸಾಲದು. ಎಂಡಿಎಫ್ ಅಂತೂ ಬೇಡವೇ ಬೇಡ, ಒಂದು ಮಳೆಗಾಲಕ್ಕೆ ಉಬ್ಬುತ್ತದೆ.

• ಟಾಪ್ ಮೇಲಿನ ತೂತು. ಎಸಿಗೆ, ಗಾಳಿ ಕಿಂಡಿಗೆ 14 ಇಂಚು ಚೌಕ ಕತ್ತರಿಸುತ್ತಾರೆ. ಸೋಲಾರ್ ಪ್ಯಾನೆಲ್ಲಿಗೆ ಬೋಲ್ಟ್ ಹೊಡೆಯುತ್ತಾರೆ, ವೈರ್ ಇಳಿಸಲು ಇನ್ನೊಂದು ಕೊರೆಯುತ್ತಾರೆ. ಕತ್ತರಿಸಿದ ಅಂಚಿಗೆ ಜಿಂಕ್ ಪ್ರೈಮರ್ ಬಳಿಯದೆ ಬೀಡಿಂಗ್ ಒತ್ತಿಬಿಟ್ಟರೆ ತುಕ್ಕು ಒಳಗೊಳಗೇ ಹಬ್ಬುತ್ತದೆ. ಎಸಿಯ ಸುತ್ತ ಒಳಗಿನಿಂದ ಚೌಕಟ್ಟು ಕೊಡದಿದ್ದರೆ ತಗಡು ತಗ್ಗಾಗಿ ನೀರು ಅಲ್ಲೇ ನಿಲ್ಲುತ್ತದೆ. ಅಂಟಿನ ವಿಷಯಕ್ಕೆ ಬಂದರೆ, ಬಚ್ಚಲಿಗೆ ಬಳಿಯುವ ಸಿಲಿಕೋನ್ ಹಚ್ಚಲು ಬಿಡಬೇಡಿ. ಗಾಡಿಯ ಅದುರಿಗೆ ಅದು ಬಿಟ್ಟುಕೊಳ್ಳುತ್ತದೆ. ಒಮ್ಮೆ ಹಚ್ಚಿದ ಜಾಗದಲ್ಲಿ ಆಮೇಲೆ ಬೇರೆ ಅಂಟೂ ಹಿಡಿಯುವುದಿಲ್ಲ. ಬಸ್ಸಿಗೆ ಬಳಸುವ ಪಾಲಿಯುರಿಥೇನ್ ಸೀಲೆಂಟ್ ಕೇಳಿ, ಅದರಡಿ ಬ್ಯೂಟೈಲ್ ಟೇಪ್ ಹಾಕಿಸಿ.

  ಬಸ್ ಕಾರ್ಖಾನೆಗಳಲ್ಲಿ ಶವರ್ ಟೆಸ್ಟ್ ಅಂತ ಮಾಡುತ್ತಾರೆ, ನಾಲ್ಕೂ ಕಡೆಯಿಂದ ನೀರು ಸುರಿದು ಒಳಗೆ ಟಾರ್ಚ್ ಹಿಡಿದು ನೋಡುವುದು. ನೀವೂ ಮಾಡಿಸಿ. ಆದರೆ ಗಾಡಿ ಶೆಡ್ಡಿನಲ್ಲಿ ನಿಂತಿರುವಾಗಲ್ಲ. ಮೊದಲು ಹದಗೆಟ್ಟ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ಬಾಡಿ ಚೆನ್ನಾಗಿ ತಿರುಚಿಕೊಂಡು ಬಂದ ಮೇಲೆ ಸುರಿಸಿ. ಸೋರುವ ಜಾಗ ಆಗ ಗೊತ್ತಾಗುತ್ತದೆ. ಇದು ಆಗುಂಬೆಯಲ್ಲಿ ನಡುರಾತ್ರಿ ಗೊತ್ತಾಗಬಾರದು.

• ಒಳಗಿನ ಪ್ಯಾನೆಲ್ ಮುಚ್ಚುವ ಹಿಂದಿನ ದಿನ ರಜೆ ಹಾಕಿ ಶೆಡ್ಡಿಗೆ ಬನ್ನಿ. ವೈರ್ ಎಲ್ಲಿ ಹೋಗಿದೆ, ಪೈಪ್ ಎಲ್ಲಿ ಸೇರಿದೆ, ವೆಲ್ಡಿಂಗ್ ಪೂರ್ತಿ ಓಡಿದೆಯೇ ಅಥವಾ ಬರೀ ಟ್ಯಾಕ್ ಹೊಡೆದು ಬಿಟ್ಟಿದ್ದಾರೆಯೇ, ಎಲ್ಲವನ್ನೂ ಪಕ್ಕದಲ್ಲಿ ಟೇಪ್ ಹಿಡಿದು ಫೋಟೋ ತೆಗೆದುಕೊಳ್ಳಿ. ಮೂರು ವರ್ಷದ ಮೇಲೆ ಪಂಪು ನಿಂತಾಗ ಅಂದದ ಗೋಡೆ ಒಡೆಯುವುದು ತಪ್ಪುತ್ತದೆ. ಪಂಪು, ಫ್ಯೂಸು, ವಾಲ್ವುಗಳಿಗೆ ಕೈ ಹೋಗುವಷ್ಟು ಮುಚ್ಚಳ ಇಡಿಸಿ. ಚಾಸಿಯ ಉದ್ದನೆ ತೊಲೆಗೆ ಮಾತ್ರ ಯಾರೂ ತೂತು ಹೊಡೆಯಕೂಡದು, ಮನಬಂದಲ್ಲಿ ವೆಲ್ಡ್ ಮಾಡಕೂಡದು. ಬಾಡಿಗೆ ವೆಲ್ಡಿಂಗ್ ನಡೆಯುವಾಗಲೂ ಬ್ಯಾಟರಿಯ ನೆಗೆಟಿವ್ ಕಳಚಿರಬೇಕು. ಇಲ್ಲದಿದ್ದರೆ ಈಗಿನ ಗಾಡಿಗಳ ಇಸಿಯು ಹೋಗುತ್ತದೆ, ಅದಕ್ಕೆ ವಾರಂಟಿಯೂ ಸಿಗದು.

• ವೈರಿಂಗನ್ನು ಮನೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಬೇಡಿ. ಮನೆಯ 230 ವೋಲ್ಟಿನಲ್ಲಿ ತೆಳು ವೈರು ನಡೆಯುತ್ತದೆ. 12 ವೋಲ್ಟಿನಲ್ಲಿ 1000 ವ್ಯಾಟಿನ ಇನ್ವರ್ಟರ್ ಹತ್ತಿರ ಹತ್ತಿರ 100 ಆಂಪಿಯರ್ ಎಳೆಯುತ್ತದೆ. ಇಂಡಕ್ಷನ್ ಒಲೆ ಹಚ್ಚಿದರೆ ಅದರ ಎರಡರಷ್ಟು. ಹೆಬ್ಬೆರಳು ದಪ್ಪದ ಕೇಬಲ್, ಬ್ಯಾಟರಿಯ ಬುಡದಲ್ಲೇ ಫ್ಯೂಸ್, ತಗಡಿನ ತೂತು ದಾಟುವ ಕಡೆಯೆಲ್ಲ ರಬ್ಬರ್ ಗ್ರೊಮೆಟ್ ಇರಲೇಬೇಕು. ಗ್ರೊಮೆಟ್ ಇಲ್ಲದ ತೂತಿನಲ್ಲಿ ತಗಡಿನ ಅಂಚು ವೈರಿನ ಸಿಪ್ಪೆಯನ್ನು ದಿನಾ ಉಜ್ಜುತ್ತಿರುತ್ತದೆ. 100 ಎಎಚ್ ಬ್ಯಾಟರಿ ಪೂರ್ತಿ ಖಾಲಿಯಾಗುವವರೆಗೆ ಕೊಡುವುದು 1.2 ಯೂನಿಟ್. ಒಂದು ಟನ್ನಿನ ಎಸಿ ಅದನ್ನು ಹೆಚ್ಚು ಕಡಿಮೆ ಒಂದು ಗಂಟೆಯಲ್ಲೇ ಮುಗಿಸಬಲ್ಲದು. ರಾತ್ರಿಯಿಡೀ ಎಸಿ ಎಂದು ಮಾತು ಕೊಡುವವರ ಹತ್ತಿರ ಈ ಲೆಕ್ಕ ಬರೆಸಿಕೊಳ್ಳಿ. ಲಡಾಖಿಗೆ ಹೋಗುವವರಿಗೆ ಇನ್ನೊಂದು ಮಾತು: ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು.

• ಈಗ ನೆಲದ ತೂತು. 2024ರ ಡಿಸೆಂಬರಿನಲ್ಲಿ ಕೇರಳದ ವಡಗರ ಹತ್ತಿರ ಹೆದ್ದಾರಿ ಪಕ್ಕ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಎಸಿಗಾಗಿ ಜನರೇಟರ್ ಹಾಕಿಕೊಂಡು ವಿಶ್ರಮಿಸಿದ್ದವರು. ಅದರ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ನೆಲದಲ್ಲಿದ್ದ ತೂತಿನ ಮೂಲಕ ಒಳಗೆ ಬಂದಿತ್ತೆಂದು ಆಮೇಲೆ ತಜ್ಞರ ಪರೀಕ್ಷೆಯಲ್ಲಿ ತಿಳಿಯಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಸುಳಿವೂ ಕೊಡದು. ಆ ಸುದ್ದಿ ಓದಿದಾಗಿನಿಂದ ನನ್ನ ಬಳಿ ಬರುವ ಪ್ರತಿಯೊಬ್ಬರ ಗಾಡಿಯಡಿಗೂ ಟಾರ್ಚ್ ಹಿಡಿದು ಮಲಗಿ ನೋಡುತ್ತೇನೆ. ಪೈಪ್ ಇಳಿಸಲು ಕೊರೆದದ್ದು, ಸೀಟು ಕಿತ್ತಾಗ ಉಳಿದ ಬೋಲ್ಟಿನ ಕಂಡಿ, ಹಳೆಯ ಎಸಿ ಹೋಸ್ ಹೋಗಿದ್ದ ದಾರಿ, ಯಾರೂ ಮುಚ್ಚಿರುವುದಿಲ್ಲ. ಒಳಗಿನ ಮ್ಯಾಟ್ ಎಲ್ಲವನ್ನೂ ಮರೆಮಾಡಿರುತ್ತದೆ. ನೀವು ಒಳಗೆ ಮಲಗಿರುವಾಗ ಜನರೇಟರ್ ಓಡಬಾರದು, ಇಂಜಿನ್ ಕೂಡ ಓಡಬಾರದು. ಹಾಸಿಗೆಯ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿ. ಕಪಾಟಿನ ಬಣ್ಣಕ್ಕೆ, ಬೆಳಕಿನ ಪಟ್ಟಿಗೆ ಖರ್ಚು ಮಾಡುವವರು ಇದಕ್ಕೆ ಚೌಕಾಸಿ ಮಾಡಿದಾಗ ನನಗೆ ಸಂಕಟವಾಗುತ್ತದೆ.

• ಅಡುಗೆ ಅನಿಲಕ್ಕೆ ಇದರ ಉಲ್ಟಾ ಲೆಕ್ಕ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಗೂಡನ್ನು ಒಳಗಿನಿಂದ ಪೂರ್ತಿ ಮುಚ್ಚಿ, ಅದರ ತಳದಿಂದ ಹೊರಕ್ಕೆ ಗಾಳಿದಾರಿ ಕೊಡಿಸಿ. ಬೇಕೆಂದೇ ಕೊರೆಯಬೇಕಾದ ತೂತು ಇದೊಂದು; ಇಂಜಿನ್ನಿನ ಹೊಗೆ ಕೊಳವೆಯಿಂದ ದೂರವಿರಲಿ.

• ಹೊರಬರಲು ಎರಡು ದಾರಿ ಇಡಿ. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಜನ ಹೋದರು. ಬಾಡಿ ಕೆಲಸದವರಾರೂ ಅದನ್ನು ಮರೆಯಲಾರೆವು. ಹಿಂಬಾಗಿಲಿಗೆ ಮಂಚ ಅಡ್ಡ ಹಾಕಿ ಶಾಶ್ವತವಾಗಿ ಮುಚ್ಚಿಸುವವರಿದ್ದಾರೆ. ದಯವಿಟ್ಟು ಬೇಡ. ಒಳಗಿನಿಂದ ಮಗುವೂ ತೆಗೆಯುವಂತಿರಬೇಕು.

• ಹಂಪ್‌ಗಳು. ನಮ್ಮೂರ ಹಂಪ್ ದಾಟಿ ಉಳಿದ ಕಪಾಟು ಎಲ್ಲಿ ಬೇಕಾದರೂ ಉಳಿಯುತ್ತದೆ. ಮರಕ್ಕೆ ಬರೀ ಸ್ಕ್ರೂ ಸಾಲದು, ತಗಡಿನ ಚೌಕಟ್ಟಿಗೆ ಬೋಲ್ಟು ಮತ್ತು ನೈಲಾಕ್ ನಟ್ ಬೇಕು. ಮೊದಲ ಸಾವಿರ ಕಿಲೋಮೀಟರಿಗೆ ಪ್ರತಿ ನಟ್ಟನ್ನೂ ಮತ್ತೆ ಬಿಗಿಸಿ, ಅದರ ಮೇಲೆ ಬಣ್ಣದ ಗೆರೆ ಎಳೆಸಿ. ಗೆರೆ ತಪ್ಪಿದರೆ ಸಡಿಲವಾಯಿತೆಂದು ಕಣ್ಣಿಗೇ ಕಾಣುತ್ತದೆ.

• ಕೆಟ್ಟಾಗ ಯಾರ ಬಳಿ ಹೋಗುವುದು? ಕಟ್ಟಿಸಿದವರೆಲ್ಲರ ದೊಡ್ಡ ಗೋಳು ಇದು. ಚಾಸಿ ಷೋರೂಮಿನವರು ಬಾಡಿಯವರನ್ನು ತೋರಿಸುತ್ತಾರೆ, ಬಾಡಿಯವರು ಎಸಿಯವನನ್ನು, ಎಸಿಯವನು ಬ್ಯಾಟರಿಯವನನ್ನು. ಎಲೆಕ್ಟ್ರಾನಿಕ್ ಸಿಟಿಯ ಒಬ್ಬ ಹೆಣ್ಣುಮಗಳು ತನ್ನ ಗಾಡಿಯ ಒಂದು ಫ್ರಿಜ್ಜಿಗಾಗಿ ನಗರದ ಮೂರು ಮೂಲೆ ಅಲೆದದ್ದು ನನಗೆ ಗೊತ್ತು. ಒಳಗೆ ಕೂರಿಸಿದ ಎಲ್ಲದಕ್ಕೂ ಕಟ್ಟಿದವರೇ ಹೊಣೆ ಎಂದು ಆರ್ಡರಿನಲ್ಲೇ ಬರೆಸಿ, ಜಿಎಸ್‌ಟಿ ಬಿಲ್ ಪಡೆಯಿರಿ. ಆ ಬಿಲ್ ತೋರಿಸಿ ಇನ್ಶೂರೆನ್ಸಿನಲ್ಲಿ ಒಳಗೆಲಸದ ಬೆಲೆಯನ್ನೂ ಸೇರಿಸಿ. ಹೇಳದೆ ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಕೈ ಬರಿದು.

  ಸಾಮಾನು ಆರಿಸುವಾಗಲೂ ಇದೇ ಯೋಚನೆ ಇರಲಿ. ಹೊರದೇಶದ ಅಂದದ ನಲ್ಲಿ ಮುರಿದರೆ ಬದಲಿಗೆ ತಿಂಗಳು ಕಾಯಬೇಕು. ಪೀಣ್ಯದಲ್ಲಿ ಲೇಸರ್ ಕಟಿಂಗ್, ಬೆಂಡಿಂಗ್, ಪೌಡರ್ ಕೋಟಿಂಗ್, ರಬ್ಬರ್ ಬೀಡಿಂಗ್, ಎಫ್‌ಆರ್‌ಪಿ ಎಲ್ಲವೂ ನಡೆದುಹೋಗುವಷ್ಟು ದೂರದಲ್ಲಿವೆ. ಮುರಿದ ಹಿಂಜ್ ಹಿಡಿದು ಬಂದರೆ ಸಂಜೆಯೊಳಗೆ ಅದರ ಅಳತೆಗೆ ಇನ್ನೊಂದು ಮಾಡಿಕೊಡುವ ಕೈಗಳಿವೆ. ಇಂಥ ಭಾಗ್ಯ ಎಲ್ಲ ಊರಿನವರಿಗೂ ಇಲ್ಲ. ಇಲ್ಲಿ ಮಾಡಲಾಗುವ, ಇಲ್ಲಿ ರಿಪೇರಿ ಆಗುವ ಸಾಮಾನನ್ನೇ ಹಾಕಿಸಿ, ಡ್ರಾಯಿಂಗ್ ಇಸಿದುಕೊಳ್ಳಿ.

• ಆಯುಧಪೂಜೆಗೆ ಗಾಡಿ ಬೇಕೇಬೇಕೆಂದು ಹಟ ಹಿಡಿಯಬೇಡಿ. ಹಬ್ಬದ ಹಿಂದಿನ ವಾರ ಎಲ್ಲ ಶೆಡ್ಡಿನಲ್ಲೂ ಹಗಲು ರಾತ್ರಿ ಕೆಲಸ. ಒಣಗದ ಸೀಲೆಂಟಿನ ಮೇಲೆ ಪೇಂಟ್ ಬೀಳುತ್ತದೆ. ಕುಂಬಳಕಾಯಿಯನ್ನು ಹದಿನೈದು ದಿನ ತಡವಾಗಿ ಒಡೆದರೆ ಏನೂ ಆಗದು.

• ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇದು ಇಳಿಯುವುದಿಲ್ಲ. ಟ್ರಾವೆಲರ್ ಎರಡೂವರೆ ಮೀಟರಿನ ಆಸುಪಾಸು, ಮೇಲೆ ಎಸಿ ಬೇರೆ. ಪೂರ್ತಿ ಎತ್ತರ ಅಳೆದು ಡ್ಯಾಶ್‌ಬೋರ್ಡಿನ ಮೇಲೆ ಬರೆದು ಅಂಟಿಸಿ. ಬಯಲಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ವೈರನ್ನು ಇಲಿ ಕಡಿಯುತ್ತದೆ, ಟೈರ್ ಒಂದೇ ಕಡೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ಟೈರಿನ ಮೇಲಿನ ನಾಲ್ಕಂಕಿ ನೋಡಿ. 2323 ಎಂದಿದ್ದರೆ 2023ರ ಇಪ್ಪತ್ತಮೂರನೇ ವಾರದ್ದು. ಗೀರು ಆಳವಿದ್ದರೂ ಹಳೆಯ ರಬ್ಬರು ಹಳೆಯದೇ. ಡಿಪಿಎಫ್ ಎಂಬ ಹೊಗೆ ಫಿಲ್ಟರ್ ಇರುವ ಬಿಎಸ್6 ಡೀಸೆಲ್ ಗಾಡಿಯನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಸಾಲದು, ಅದರಿಂದ ಆ ಫಿಲ್ಟರಿನಲ್ಲಿ ಮಸಿ ಕಟ್ಟುತ್ತದೆ. ಆಗಾಗ ಹೊಸಕೋಟೆಯ ಆಚೆಗೋ ಅತ್ತಿಬೆಲೆಯ ಆಚೆಗೋ ಹೆದ್ದಾರಿಯಲ್ಲಿ ಬಿಸಿಯಾಗಿ ಓಡಿಸಿಕೊಂಡು ಬನ್ನಿ.

• ಹತ್ತರಲ್ಲೊಂದು ಪಾಲು ಹಣವನ್ನು ಮೊದಲ ಪ್ರವಾಸ ಮುಗಿಯುವವರೆಗೆ ಕೈಯಲ್ಲೇ ಇಟ್ಟುಕೊಳ್ಳಿ; ಅಡ್ವಾನ್ಸ್ ದಿನವೇ ಹಾಗೆಂದು ಒಪ್ಪಿಸಿಕೊಂಡಿರಿ. ಆ ಪ್ರವಾಸ ಹಿಮಾಲಯಕ್ಕೆ ಬೇಡ. ಮಳೆ ಇರುವ ಒಂದು ಶನಿವಾರ ದೇವರಾಯನದುರ್ಗಕ್ಕೆ ಹೋಗಿ ರಾತ್ರಿ ಒಳಗೇ ಮಲಗಿ. ಅಡುಗೆ ಮಾಡಿ, ಸ್ನಾನ ಮಾಡಿ, ಎಲ್ಲ ಬಾಗಿಲನ್ನೂ ತೆಗೆದು ಹಾಕಿ. ಒದ್ದೆಯಾದದ್ದು, ಅದುರಿದ್ದು, ಬಿಸಿಯಾದದ್ದು, ವಾಸನೆ ಬಂದದ್ದು ಎಲ್ಲ ಬರೆದುಕೊಳ್ಳಿ. ಸೋಮವಾರ ಬೆಳಿಗ್ಗೆ ಗಾಡಿಯನ್ನು ಆ ಪಟ್ಟಿಯ ಸಮೇತ ಕಟ್ಟಿದವರ ಶೆಡ್ಡಿಗೆ ತನ್ನಿ.